ದೆವ್ವದ ಕತೆ ಕೇಳಿದರೂ ಹೆದರಿಕೆ ಯಾಕೆ ಆಗ್ತಿಲ್ಲ?

ಪ್ರಶ್ನೆ: ಮೇಡಂ, ನಾನು ವಿಜಯನಗರದಿಂದ ಹೂಡಿಗೆ ದಿನಾ ಮೆಟ್ರೊದಲ್ಲಿ ಓಡಾಡುತ್ತೇನೆ. ಒಂದು ಸಲಕ್ಕೆ ಸುಮಾರು ಒಂದು ಗಂಟೆ. ಆರು ತಿಂಗಳಿಂದ ಕಂತು ಕಂತಾಗಿ ಬರುವ ಆಡಿಯೊ ಕತೆಗಳನ್ನು ಕೇಳುತ್ತಿದ್ದೇನೆ. ಒಂದು ಕನ್ನಡದ ದೆವ್ವದ ಕತೆ, ಇನ್ನೊಂದು ಇಂಗ್ಲಿಷಿನ ಸೈನ್ಸ್ ಫಿಕ್ಷನ್. ಬೇಗ ಮುಗಿಯಲಿ ಅಂತ 1.75 ಸ್ಪೀಡಿನಲ್ಲಿ ಹಾಕುತ್ತೇನೆ (ಆಪ್‌ನ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ). ಮೊದಮೊದಲು ಮಜಾ ಇತ್ತು. ಈಗ ದೆವ್ವದ ಕತೆ ಹೆದರಿಸುವುದೇ ಇಲ್ಲ. 14ನೇ ಕಂತು ಕೇಳಿ ರಾತ್ರಿ ನಿದ್ದೆ ಬರಲಿಲ್ಲ ಅಂದಳು ನನ್ನ ಗೆಳತಿ. ನನಗೆ ಏನೂ ಅನಿಸಲಿಲ್ಲ. ಸೈನ್ಸ್ ಫಿಕ್ಷನ್‌ನಲ್ಲಿ ಯಾರು ಯಾರು, ಯಾವ ಗ್ರಹ ಅನ್ನುವುದೇ ಮರೆತುಹೋಗುತ್ತದೆ. ಓದಿದಷ್ಟು ಕೇಳಿದ್ದು ತಲೆಗೆ ಹತ್ತುವುದಿಲ್ಲವಾ? ಇಲ್ಲ ನನ್ನ ಗಮನವೇ ಹಾಳಾಗಿದೆಯಾ? ಹತ್ತು ವರ್ಷದ ಮಗಳೂ ಕೇಳುತ್ತೇನೆ ಅನ್ನುತ್ತಿದ್ದಾಳೆ, ಕೇಳಿಸಬಹುದಾ?

ಉತ್ತರ: ನಿಮ್ಮ ಗಮನಕ್ಕೆ ಏನೂ ಆಗಿಲ್ಲ. ಸ್ಕ್ರೀನ್‌ಶಾಟ್ ನೋಡಿದೆ. ಸ್ಪೀಡ್ 1.75 ಇದೆ, ಸರಿ. ಅದರ ಕೆಳಗೆ ‘ಸ್ಕಿಪ್ ಸೈಲೆನ್ಸ್’ ಅಂತ ಒಂದು ಬಟನ್ ಇದೆಯಲ್ಲ, ಅದೂ ಆನ್ ಆಗಿದೆ. ನೀವು ಅದನ್ನು ಗಮನಿಸಿಲ್ಲ ಅನಿಸುತ್ತದೆ, ಪತ್ರದಲ್ಲಿ ಅದರ ಮಾತೇ ಇಲ್ಲ. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ನಾನು ಈ ಕೆಲಸಕ್ಕೆ ಬಂದು 19 ವರ್ಷವಾಯಿತು. ಶುರುವಾಗಿದ್ದು ಬಾನುಲಿ ನಾಟಕಗಳಿಂದ. ಈಗ ಬೆಂಗಳೂರಿನ ಒಂದು ಚಿಕ್ಕ ಸ್ಟುಡಿಯೊದಲ್ಲಿ ಆಡಿಯೊ ಪುಸ್ತಕಗಳ ಎಡಿಟಿಂಗ್ ಮಾಡುತ್ತೇನೆ. ಓದಿದವರ ತಪ್ಪು ತೆಗೆಯುವುದು, ಉಸಿರಿನ ಸದ್ದು ತಗ್ಗಿಸುವುದು, ಇದೆಲ್ಲ ಬೇಗ ಆಗುತ್ತದೆ. ಜಾಸ್ತಿ ಹೊತ್ತು ಹಿಡಿಯುವುದು ಒಂದು ಮಾತಿಗೂ ಇನ್ನೊಂದು ಮಾತಿಗೂ ನಡುವೆ ಎಷ್ಟು ಜಾಗ ಬಿಡಬೇಕು ಅಂತ ನೋಡುವುದು. ಆ ಜಾಗವನ್ನೇ ನಿಮ್ಮ ಫೋನು ಕಿತ್ತು ಬಿಸಾಡುತ್ತಿದೆ.

ನೀವು ಹೇಳಿದ 14ನೇ ಕಂತನ್ನು ಹುಡುಕಿ ಎರಡು ಸಲ ಕೇಳಿದೆ. ಒಮ್ಮೆ ನಿಮ್ಮ ಹಾಗೆ 1.75ರಲ್ಲಿ, ಆ ಬಟನ್ ಆನ್ ಮಾಡಿ. ಇನ್ನೊಮ್ಮೆ ರಾತ್ರಿ ಊಟವಾದ ಮೇಲೆ, ಸಾದಾ ಸ್ಪೀಡಿನಲ್ಲಿ. ಮಲೆನಾಡಿನ ಹಳೇ ಮನೆ. ಮೂರು ತಿಂಗಳಿಂದ ಹಾಸಿಗೆ ಹಿಡಿದ ಅಜ್ಜಿ. ಮೊಮ್ಮಗ ಜಗಲಿಯಲ್ಲಿ ಮಲಗಿದ್ದಾನೆ. ಓದುವವರು ತಣ್ಣಗೆ ಹೇಳುತ್ತಾರೆ: ಅಜ್ಜಿ ಎದ್ದಳು. ನಡುಮನೆ ತನಕ ಬಂದಳು. ಆಮೇಲೆ ಮಾತಿಲ್ಲ. ದೂರದಲ್ಲಿ ಜೀರುಂಡೆ ಮಾತ್ರ. ಆಮೇಲೆ ಎರಡೇ ಮಾತು: ಹೊಸ್ತಿಲು ದಾಟಿತು.

‘ದಾಟಿದಳು’ ಅಲ್ಲ. ‘ದಾಟಿತು’.

ಸಾದಾ ಸ್ಪೀಡಿನಲ್ಲಿ ಕೇಳಿದಾಗ ನನಗೆ ಮೈ ಜುಂ ಅಂತು. ಎಷ್ಟೋ ದೆವ್ವದ ಕತೆಗಳನ್ನು ಕೈಯಾರೆ ಎಡಿಟ್ ಮಾಡಿದವಳು ನಾನು, ಆದರೂ ಎದ್ದು ಹೋಗಿ ಲೈಟ್ ಹಾಕಿದೆ. 1.75ರಲ್ಲಿ ಕೇಳಿದಾಗ? ಅಜ್ಜಿ ಎದ್ದು ಹೊರಗೆ ಹೋದಳು ಅಷ್ಟೇ.

ಆಮೇಲೆ ಆ ಜಾಗವನ್ನು ಕಂಪ್ಯೂಟರಿನಲ್ಲಿ ಹಾಕಿ ಅಳೆದೆ. ‘ಬಂದಳು’ ಮುಗಿದ ಮೇಲೆ 2.8 ಸೆಕೆಂಡ್ ಬಿಟ್ಟಿದ್ದಾರೆ. 1.75 ಸ್ಪೀಡಿಗೆ ಅದು 1.6 ಸೆಕೆಂಡ್ ಆಗುತ್ತದೆ. ಅಷ್ಟಕ್ಕೇ ನಿಂತಿದ್ದರೆ ಪರವಾಗಿರಲಿಲ್ಲ. ಸ್ಕಿಪ್ ಸೈಲೆನ್ಸ್ ಮಾಡುವ ಕೆಲಸ ಏನೆಂದರೆ, ಸದ್ದು ಒಂದು ಮಟ್ಟಕ್ಕಿಂತ ಕೆಳಗೆ ಇಳಿದ ಜಾಗಗಳನ್ನು ಹುಡುಕಿ ಕತ್ತರಿಸುವುದು. ಅದಕ್ಕೆ ಜೀರುಂಡೆಯೂ ಒಂದೇ, ಖಾಲಿಯೂ ಒಂದೇ. ಕೊನೆಗೆ ನಿಮ್ಮ ಕಿವಿಗೆ ಉಳಿದದ್ದು ಒಂದು ಅಲ್ಪವಿರಾಮದಷ್ಟು ಜಾಗ. ಅಜ್ಜಿ ನಡುಮನೆಯಲ್ಲಿ ನಿಂತಿದ್ದಾಳೆ, ಯಾಕೆ ನಿಂತಳು, ಮುಂದೇನು ಅಂತ ನಿಮಗೆ ಅನಿಸಲು ಟೈಮೇ ಸಿಗಲಿಲ್ಲ. ಹೆದರಿಕೆ ಹುಟ್ಟುವುದು ನೀವು ಕಾಯುವಾಗ, ಆ ಕಾಯುವ ಹೊತ್ತನ್ನೇ ಆಪ್ ತೆಗೆದುಹಾಕಿದೆ.

ಇನ್ನೊಂದು ವಿಷಯ ಇದೆ, ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಕನ್ನಡದಲ್ಲಿ ಕೇಳುವವರಿಗೆ ಇದು ತುಂಬ ಮುಖ್ಯ. ನಮ್ಮ ಭಾಷೆಯಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ. ಬಂದದ್ದು ಗಂಡಸೋ, ಹೆಂಗಸೋ, ಮನುಷ್ಯರೇ ಅಲ್ಲವೋ ಅನ್ನುವುದು ಆ ಕ್ರಿಯಾಪದದ ಕೊನೇ ಅಕ್ಷರದಲ್ಲಿ ಗೊತ್ತಾಗುತ್ತದೆ. ಬಂದ, ಬಂದಳು, ಬಂತು. ಮಗು ಅತ್ತಿತು, ನಾಯಿ ಓಡಿತು ಅಂತ ದಿನಾ ಹೇಳುತ್ತೇವೆ, ಏನೂ ಅನಿಸುವುದಿಲ್ಲ. ಅದೇ ಅಜ್ಜಿಗೆ ‘ದಾಟಿತು’ ಅಂದರೆ? ಒಂದು ‘ತು’ವಿನಲ್ಲಿ ಅಜ್ಜಿ ಅಜ್ಜಿಯಾಗಿ ಉಳಿಯಲಿಲ್ಲ. ಬೇರೆ ಎಷ್ಟೋ ಭಾಷೆಯಲ್ಲಿ ಇದನ್ನು ಹೇಳಲು ಒಂದು ಪೂರ್ತಿ ವಾಕ್ಯ ಬೇಕು. ನಮ್ಮಲ್ಲಿ ಒಂದು ಅಕ್ಷರ ಸಾಕು. ಕನ್ನಡದಲ್ಲಿ ದೆವ್ವದ ಕತೆ ಬರೆಯುವವರ ಕೈಯಲ್ಲಿ ಇಂಥ ಉಪಾಯ ಇದೆ ಅನ್ನುವುದು ನನಗೆ ಇವತ್ತಿಗೂ ದೊಡ್ಡ ಖುಷಿ.

ಆದರೆ ನಾವು ಮಾತಾಡುವಾಗ ವಾಕ್ಯದ ಕೊನೆಯಲ್ಲಿ ದನಿ ಇಳಿಯುತ್ತದೆ. ಕೊನೇ ಅಕ್ಷರ ಎಲ್ಲಕ್ಕಿಂತ ಮೆತ್ತಗೆ ಇರುತ್ತದೆ. ಸ್ಪೀಡ್ ಹೆಚ್ಚಿಸಿದರೆ ಮೊದಲು ಮಸುಕಾಗುವುದು ಅದೇ. ದನಿ ಕೀರಲಾಗದಂತೆ ಸ್ಪೀಡ್ ಹೆಚ್ಚಿಸಲು ಆಪ್‌ಗಳು ಸದ್ದನ್ನು ಸೆಕೆಂಡಿನ ನೂರರಲ್ಲಿ ಕೆಲವೇ ಭಾಗದಷ್ಟು ಸಣ್ಣ ಸಣ್ಣ ತುಂಡು ಮಾಡಿ, ಒಂದರ ಮೇಲೊಂದು ಹತ್ತಿಸಿ ಜೋಡಿಸುತ್ತವೆ. ಮಾತು ಹೇಗೋ ಬದುಕಿಕೊಳ್ಳುತ್ತದೆ. ಬಾಗಿಲ ಕಿರುಗುಟ್ಟುವಿಕೆ, ಬಾವಿಯೊಳಗಿನ ಮಾರ್ದನಿ, ಎಳೆದೆಳೆದು ಬಿಡುವ ಉಸಿರು, ಇವೆಲ್ಲ ಸವೆದುಹೋಗುತ್ತವೆ. ಜೊತೆಗೆ ಕನ್ನಡದಲ್ಲಿ ಒತ್ತಕ್ಷರ, ದೀರ್ಘ ಎಲ್ಲ ಕಾಲದ ಅಳತೆಯ ಮೇಲೆ ನಿಂತಿವೆ. ‘ಹಳಿ ಹತ್ತಿರ ಹೆಣ ಇತ್ತು’ ಮತ್ತು ‘ಹಳ್ಳಿ ಹತ್ತಿರ ಹೆಣ ಇತ್ತು’, ಇವೆರಡರ ವ್ಯತ್ಯಾಸ ಗದ್ದಲದ ಜಾಗದಲ್ಲಿ, ವೇಗದಲ್ಲಿ, ಎಷ್ಟು ಸಲ ತಪ್ಪಿಹೋಗಬಹುದು ನೋಡಿ.

ಗದ್ದಲ ಅಂದೆ. ನಿಮ್ಮ ದಾರಿಯನ್ನೇ ನೋಡೋಣ. ವಿಜಯನಗರದಿಂದ ಮಾಗಡಿ ರಸ್ತೆ ತನಕ ಮೆಟ್ರೊ ಮೇಲೆ ಓಡುತ್ತದೆ. ಸಿಟಿ ರೈಲ್ವೆ ಸ್ಟೇಷನ್ ಬರುವಾಗ ಸುರಂಗಕ್ಕೆ ಇಳಿಯುತ್ತದೆ. ಮೆಜೆಸ್ಟಿಕ್, ಸೆಂಟ್ರಲ್ ಕಾಲೇಜು, ವಿಧಾನಸೌಧ, ಕಬ್ಬನ್ ಪಾರ್ಕ್ ಎಲ್ಲ ನೆಲದಡಿಯಲ್ಲಿ. ಎಂ.ಜಿ. ರೋಡಿಗೆ ಮತ್ತೆ ಮೇಲೆ ಬರುತ್ತದೆ. ಸುರಂಗದಲ್ಲಿ ಗಾಲಿಯ ಸದ್ದು ಗೋಡೆಗೆ ಬಡಿದು ಒಳಗೇ ತುಂಬಿಕೊಳ್ಳುತ್ತದೆ. ಓದುವವರ ದನಿ ಕೇಳುವುದಿಲ್ಲ ಅಂತ ಎಲ್ಲರೂ ಅಲ್ಲಿ ವಾಲ್ಯೂಮ್ ಏರಿಸುತ್ತಾರೆ. ಎಂ.ಜಿ. ರೋಡಿನಲ್ಲಿ ಹೊರಗೆ ಬಂದ ಮೇಲೆ ಇಳಿಸಲು ಮರೆಯುತ್ತಾರೆ. ಅದೇ ಹೊತ್ತಿಗೆ ಕತೆಯಲ್ಲಿ ಯಾರಾದರೂ ಕಿರುಚಿದರೆ ಕಿವಿಗೆ ಪೆಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಇದು: 80 ಡೆಸಿಬಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು, ಅದೇ 90 ಡೆಸಿಬಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ಹತ್ತೇ ಡೆಸಿಬಲ್ ಏರಿದರೆ ಸಮಯ ಹತ್ತನೇ ಒಂದು ಪಾಲಿಗೆ ಇಳಿಯಿತು. ವಾರಕ್ಕೆ 10 ಗಂಟೆ ಮೆಟ್ರೊದಲ್ಲೇ ಕೇಳುವ ನಿಮಗೆ ಇದು ಸಣ್ಣ ವಿಷಯ ಅಲ್ಲ. ಕಿವಿಯೊಳಗೆ ಬಿಗಿಯಾಗಿ ಕೂರುವ ರಬ್ಬರ್ ತುದಿಯ ಇಯರ್‌ಫೋನ್ ತಗೊಳ್ಳಿ. ನಾಯ್ಸ್ ಕ್ಯಾನ್ಸಲಿಂಗ್ ಇದ್ದರೆ ಇನ್ನೂ ಒಳ್ಳೆಯದು, ರೈಲಿನ ಒಂದೇ ಸಮನೆ ಗುಂಯ್‌ಗುಡುವ ಸದ್ದನ್ನು ಅದು ಚೆನ್ನಾಗಿ ತಗ್ಗಿಸುತ್ತದೆ. ಹೊರಗಿನ ಸದ್ದು ತಗ್ಗಿದರೆ ನೀವು ವಾಲ್ಯೂಮ್ ಏರಿಸುವುದೇ ಇಲ್ಲ.

ಮೆಟ್ರೊದ ಮಾತು ಬಂದಾಗ ಅಪರ್ಣಾ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ನಮ್ಮ ಮೆಟ್ರೊದ ಕನ್ನಡ ಪ್ರಕಟಣೆಗಳಿಗೆ ದನಿ ಕೊಟ್ಟವರು ಅವರು. 2024ರ ಜುಲೈನಲ್ಲಿ ತೀರಿಕೊಂಡರು. ಅಷ್ಟು ಗದ್ದಲದಲ್ಲೂ ಅವರ ಮಾತಿನ ಕೊನೇ ಅಕ್ಷರ ಎಲ್ಲೂ ಉದುರುತ್ತಿರಲಿಲ್ಲ. ಹೊಸದಾಗಿ ಓದಲು ಬರುವ ಹುಡುಗ ಹುಡುಗಿಯರಿಗೆ ನಾನು ಹೇಳುವುದು ಇಷ್ಟೇ, ಅವರು ಪದವನ್ನು ಹೇಗೆ ಮುಗಿಸುತ್ತಿದ್ದರು ಅಂತ ಕೇಳಿ.

ಇನ್ನು ಸೈನ್ಸ್ ಫಿಕ್ಷನ್. ಓದಿದಷ್ಟು ಕೇಳಿದ್ದು ಹತ್ತುವುದಿಲ್ಲವಾ ಅಂತ ಕೇಳಿದ್ದೀರಿ. 2016ರಲ್ಲಿ ಅಮೆರಿಕದ ಬೆತ್ ರೊಗೊವ್ಸ್ಕಿ ಮತ್ತು ಅವರ ಜೊತೆಗಾರರು ಒಂದು ಪುಸ್ತಕದ ಭಾಗವನ್ನು ಕೆಲವರಿಗೆ ಓದಿಸಿದರು, ಕೆಲವರಿಗೆ ಕೇಳಿಸಿದರು, ಕೆಲವರಿಗೆ ಎರಡೂ ಮಾಡಿಸಿದರು. ಆಗಲೂ, ಎರಡು ವಾರ ಬಿಟ್ಟು ಕೇಳಿದಾಗಲೂ, ಅರ್ಥವಾದದ್ದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಅದು ನಿಜ ಜೀವನದ ಕತೆ. ಅದರಲ್ಲಿ ಹೊಸ ಗ್ರಹ, ಹೊಸ ಜಾತಿಯ ಜೀವಿಗಳು, ಕೇಳರಿಯದ ಹೆಸರುಗಳು ಇರಲಿಲ್ಲ. ಓದುವಾಗ ನಮ್ಮ ಕಣ್ಣು ಪದದಿಂದ ಪದಕ್ಕೆ ಜಿಗಿಯುತ್ತಾ ಹೋಗುತ್ತದೆ, ಆ ಜಿಗಿತಗಳಲ್ಲಿ ಶೇಕಡ 10ರಿಂದ 15ರಷ್ಟು ಹಿಂದಕ್ಕೇ ಹೋಗುತ್ತವೆ. ನಮಗೆ ಗೊತ್ತಿಲ್ಲದೆಯೇ ಎರಡು ಪದ ಹಿಂದೆ ಹೋಗಿ ನೋಡಿಕೊಂಡು ಬರುತ್ತೇವೆ. ಕಿವಿಗೆ ಆ ಅನುಕೂಲ ಇಲ್ಲ. ದಾಟಿದ ಹೆಸರು ದಾಟಿಯೇ ಹೋಯಿತು.

ಅದಕ್ಕೆ ಒಂದು ಹಳೇ ಉಪಾಯ. ಯಾವುದೇ ಸೈನ್ಸ್ ಫಿಕ್ಷನ್‌ನ ಮೊದಲ ಎರಡು ಕಂತುಗಳನ್ನು ಮನೆಯಲ್ಲಿ, ಸಾದಾ ಸ್ಪೀಡಿನಲ್ಲಿ ಕೇಳಿ. ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಳ್ಳಿ. ಹೆಸರು, ಅವರು ಎಲ್ಲಿಯವರು, ಯಾರಿಗೆ ಏನಾಗಬೇಕು, ಇಷ್ಟು ಬರೆಯಿರಿ. ಹೆಸರನ್ನು ಕನ್ನಡದಲ್ಲೇ, ಕಿವಿಗೆ ಕೇಳಿದ ಹಾಗೇ ಬರೆಯಿರಿ, ಇಂಗ್ಲಿಷ್ ಸ್ಪೆಲ್ಲಿಂಗ್ ಬೇಕಿಲ್ಲ. ಕನ್ನಡ ಲಿಪಿ ಉಚ್ಚಾರಕ್ಕೆ ಹತ್ತಿರ ಇರುವುದರಿಂದ ಮುಂದಿನ ಸಲ ಆ ಹೆಸರು ಕೇಳಿದಾಗ ತಕ್ಷಣ ಹೊಂದಿಕೆಯಾಗುತ್ತದೆ. ಹತ್ತು ಹನ್ನೆರಡು ಹೆಸರಾದ ಮೇಲೆ ಹಾಳೆಯೇ ಬೇಕಾಗುವುದಿಲ್ಲ. ನಾನು ಇವತ್ತಿಗೂ ಹೀಗೇ ಮಾಡುತ್ತೇನೆ.

ಮೌನದ ಮಾತು ಸೈನ್ಸ್ ಫಿಕ್ಷನ್‌ಗೂ ಅನ್ವಯಿಸುತ್ತದೆ. ಚಂದ್ರನಿಂದ ಭೂಮಿಗೆ ರೇಡಿಯೊ ಸಂಕೇತ ಬರಲು ಸುಮಾರು 1.3 ಸೆಕೆಂಡ್ ಬೇಕು. ಅಲ್ಲಿರುವವರಿಗೆ ಒಂದು ಪ್ರಶ್ನೆ ಕೇಳಿದರೆ ಉತ್ತರ ಬರಲು ಸುಮಾರು 2.6 ಸೆಕೆಂಡ್. ಮಂಗಳನಾದರೆ ಒಂದು ಕಡೆಗೇ 3ರಿಂದ 22 ನಿಮಿಷ. ನಮ್ಮೂರಿನ ಹತ್ತಿರ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರಿನ ಆಂಟೆನಾ ಇದೆಯಲ್ಲ, ಅಲ್ಲಿ ಕೆಲಸ ಮಾಡುವವರಿಗೆ ಈ ಕಾಯುವಿಕೆ ದಿನದ ಮಾತು. ಹೋದ ವರ್ಷ ಚಂದ್ರನ ಮೇಲೆ ನಡೆಯುವ ಒಂದು ಕತೆಯನ್ನು ನಾನು ಎಡಿಟ್ ಮಾಡಿದೆ. ಬೆಂಗಳೂರಿನಲ್ಲಿರುವ ತಾಯಿ ‘ಊಟ ಆಯ್ತಾ?’ ಅಂತಾಳೆ. ಮೊದಲ ಮೂರು ಸಲ ಚಂದ್ರನ ಮೇಲಿರುವ ಮಗನ ಉತ್ತರಕ್ಕೆ ಮುಂಚೆ 2.6 ಸೆಕೆಂಡ್ ಬಿಟ್ಟೆವು. ಮೂರು ಸಲ ಕೇಳಿದ ಮೇಲೆ ಕೇಳುಗರಿಗೆ ಆ ಅಂತರ ಅಭ್ಯಾಸ ಆಗುತ್ತದೆ. ನಾಲ್ಕನೇ ಸಲ ಉತ್ತರ ತಕ್ಷಣ ಬರುತ್ತದೆ. ಅಷ್ಟೇ. ಮಾತಾಡುತ್ತಿರುವುದು ಚಂದ್ರನ ಮೇಲಿರುವ ಮಗ ಅಲ್ಲ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸ್ಕಿಪ್ ಸೈಲೆನ್ಸ್ ಹಾಕಿದವರಿಗೆ ನಾಲ್ಕೂ ಉತ್ತರ ತಕ್ಷಣವೇ ಬಂದಿರುತ್ತದೆ. ಅವರ ಪಾಲಿಗೆ ಅದು ತಾಯಿ ಮಗ ಸುಮ್ನೆ ಫೋನಿನಲ್ಲಿ ಮಾತಾಡುವ ಕತೆ.

ಆ 2.6 ಸೆಕೆಂಡ್ ಖಾಲಿ ಕೂಡ ಅಲ್ಲ. ಪೂರ್ತಿ ಶೂನ್ಯ ಹಾಕಿದರೆ ಫೋನ್ ಕೆಟ್ಟಿತೇನೋ ಅಂತ ಕೇಳುಗರು ನೋಡಿಕೊಳ್ಳುತ್ತಾರೆ. ಅದಕ್ಕೆ ಖಾಲಿ ಕೋಣೆಯ ಸದ್ದನ್ನೇ ಅರ್ಧ ನಿಮಿಷ ರೆಕಾರ್ಡ್ ಮಾಡಿ ಇಟ್ಟುಕೊಳ್ಳುತ್ತೇವೆ, ರೂಮ್ ಟೋನ್ ಅನ್ನುತ್ತೇವೆ. ಬೆಂಗಳೂರಿನಲ್ಲಿ ಆ ಅರ್ಧ ನಿಮಿಷ ಸಿಗುವುದು ಸುಲಭ ಅಲ್ಲ. ಪಕ್ಕದ ಸೈಟಿನಲ್ಲಿ ಬೋರ್‌ವೆಲ್, ಮೇಲಿನ ಮನೆಯ ಮಿಕ್ಸಿ, ಬೆಳಗಿನ ಜಾವ ಕೋಗಿಲೆ. ನಾವು ಎಷ್ಟೋ ಸಲ ರಾತ್ರಿ ಒಂದು ಗಂಟೆಗೆ ಉಸಿರು ಬಿಗಿ ಹಿಡಿದು ಕೂತು ಅದನ್ನು ಹಿಡಿದಿದ್ದೇವೆ.

ಈಗ ಕಂತಿನ ವಿಷಯ. ಸುಮಾರು 25 ನಿಮಿಷದ ಕಂತು ನಿಮ್ಮ ಸ್ಪೀಡಿನಲ್ಲಿ 14 ನಿಮಿಷಕ್ಕೆ ಮುಗಿಯುತ್ತದೆ. ಅಂದರೆ ಹೋಗುವಾಗ ನಾಲ್ಕು, ಬರುವಾಗ ನಾಲ್ಕು. ಇಷ್ಟು ಕೇಳಿದರೆ ಯಾರಿಗಾದರೂ ಹೆದರಿಕೆ ಮೊಂಡಾಗುತ್ತದೆ. ಧಡ್ ಅಂತ ಬರುವ ಸದ್ದಿಗೆ ಬೆಚ್ಚುವುದು ನಮ್ಮ ಮೈಯ ಸಹಜ ಗುಣ. ಅದೇ ಸದ್ದು ಮತ್ತೆ ಮತ್ತೆ ಬಂದರೆ ಮೈ ಬೆಚ್ಚುವುದನ್ನು ಬಿಡುತ್ತದೆ, ಅದೂ ಸಹಜ ಗುಣವೇ.

ಕಂತು ಅಂದರೆ ನಡುವೆ ಬಿಡುವು ಇರಬೇಕು ಅಂತಲೇ ಬರೆದದ್ದು. ಎಚ್.ಜಿ. ವೆಲ್ಸ್ ಅವರ ಮಂಗಳವಾಸಿಗಳ ದಾಳಿಯ ಕಾದಂಬರಿ 1897ರಲ್ಲಿ ಪಿಯರ್ಸನ್ಸ್ ಅನ್ನುವ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, ಪುಸ್ತಕವಾದದ್ದು ಮಾರನೇ ವರ್ಷ. ಒಂದು ಕಂತು ಓದಿ ಜನ ತಿಂಗಳು ಕಾದರು. ನಮ್ಮ ಸುಧಾ, ತರಂಗಗಳ ಧಾರಾವಾಹಿಗಳನ್ನು ಅಮ್ಮಂದಿರು ವಾರವಿಡೀ ಬಾವಿಕಟ್ಟೆಯಲ್ಲಿ, ಬಸ್ ಸ್ಟಾಪಿನಲ್ಲಿ ಚರ್ಚೆ ಮಾಡಿದ್ದನ್ನು ನಾನು ಕೇಳಿ ಬೆಳೆದೆ. ಮುಂದೇನಾಗಬಹುದು ಅಂತ ಅವರು ಆಡುತ್ತಿದ್ದ ಮಾತೇ ಅರ್ಧ ಕತೆ. ಇನ್ನೂ ಹಿಂದೆ ಹೋದರೆ ಗಮಕ ಇದೆ. ಕುಮಾರವ್ಯಾಸ ಭಾರತವನ್ನು ದಿನಕ್ಕಿಷ್ಟು ಅಂತ ಗಮಕಿಗಳು ಹಾಡುತ್ತಾರೆ, ವ್ಯಾಖ್ಯಾನಕಾರರು ನಿಲ್ಲಿಸಿ ಬಿಡಿಸಿ ಹೇಳುತ್ತಾರೆ. ಯಾರೂ ಒಂದೇ ರಾತ್ರಿಗೆ ಮುಗಿಸಲು ಕೂರುವುದಿಲ್ಲ. ಕೇಳುವ ಹದ ನಮ್ಮಲ್ಲಿ ಮೊದಲಿಂದಲೂ ಇತ್ತು.

ದೆವ್ವದ ಕತೆಯನ್ನು ಮೆಟ್ರೊದಿಂದ ತೆಗೆದುಬಿಡಿ. ಅದನ್ನು ಮನೆಗೆ ಇಟ್ಟುಕೊಳ್ಳಿ, ದಿನಕ್ಕೆ ಒಂದೇ ಕಂತು, ವಾರಕ್ಕೆ ಎರಡು ದಿನ ರಜೆ. ಎರಡೂ ಕಿವಿಗೆ ಇಯರ್‌ಫೋನ್ ಇರಲಿ. ಒಂದು ಸದ್ದು ಎಡಗಿವಿಗೂ ಬಲಗಿವಿಗೂ ಮುಟ್ಟುವುದರಲ್ಲಿ ಇರುವ ವ್ಯತ್ಯಾಸ ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತ ಕಡಿಮೆ. ಅಷ್ಟರಲ್ಲೇ ನಮಗೆ ಯಾರೋ ಬಲಕ್ಕೆ ನಿಂತಿದ್ದಾರೆ ಅಂತ ಗೊತ್ತಾಗುತ್ತದೆ. ಒಂದೇ ಕಿವಿಯಲ್ಲಿ ಕೇಳಿದರೆ ಆ ಆಟ ಇಲ್ಲ. ರಸ್ತೆಯಲ್ಲಿ ನಡೆಯುವಾಗ, ಗಾಡಿ ಓಡಿಸುವಾಗ ಮಾತ್ರ ಎರಡೂ ಕಿವಿ ಖಾಲಿ ಇರಲಿ. ನಮ್ಮ ರಸ್ತೆಗಳಲ್ಲಿ ಕಿವಿಯೇ ಅರ್ಧ ಕಣ್ಣು.

ಮೆಟ್ರೊಗೆ ಸೈನ್ಸ್ ಫಿಕ್ಷನ್ ಇರಲಿ. ಹಾಳೆ ತಯಾರಾದ ಮೇಲೆ 1.25 ತನಕ ಹೋದರೆ ನನ್ನ ಆಕ್ಷೇಪ ಇಲ್ಲ. ಕೆಲವು ಆಪ್‌ಗಳಲ್ಲಿ ನೂರಾರು ಕಂತು ಎಳೆಯುವ ಕತೆಗಳಿವೆ, ಪ್ರತಿ ಕಂತಿನ ಶುರುವಿಗೆ ಹಿಂದಿನದನ್ನೇ ಮತ್ತೆ ಹೇಳುತ್ತಾರೆ. ಅಂಥದ್ದಕ್ಕೆ ಇನ್ನೂ ವೇಗ ಹೆಚ್ಚಿಸಬಹುದು, ಬೇಸರವಾದರೆ ನಡುವೆಯೇ ಬಿಡಬಹುದು. ಮುಂದಿನ ಕಂತಿಗೆ ದುಡ್ಡು ಕೇಳುವ ಕತೆಗಳಲ್ಲಿ ಕೊಂಡಿ ಇರುವುದು ಕಂತಿನ ಕೊನೇ ನಿಮಿಷದಲ್ಲಿ. ಬಿಡಲಾಗುತ್ತಿಲ್ಲ ಅನಿಸಿದರೆ ಕಂತಿನ ನಡುವೆ ನಿಲ್ಲಿಸಿ, ಕೊನೆಗೆ ಅಲ್ಲ. ಇದು ನಾನೇ ಎಷ್ಟೋ ರಾತ್ರಿ ಮಾಡಿ ನೋಡಿದ್ದು. ಹಳೇ ಇಂಗ್ಲಿಷ್ ಕತೆಗಳು ಬೇಕಿದ್ದರೆ ಲಿಬ್ರಿವಾಕ್ಸ್ ಇದೆ. 2005ರಿಂದ ಸ್ವಯಂಸೇವಕರು ಹಕ್ಕು ಮುಗಿದ ಪುಸ್ತಕಗಳನ್ನು ಓದಿ ಪುಕ್ಕಟೆ ಕೊಡುತ್ತಿದ್ದಾರೆ, ಅಧ್ಯಾಯ ಅಧ್ಯಾಯವಾಗಿ ಸಿಗುತ್ತದೆ.

ಮಗಳ ವಿಷಯ. ಸೈನ್ಸ್ ಫಿಕ್ಷನ್ ಖಂಡಿತ ಕೇಳಿಸಿ. ದೆವ್ವದ ಕತೆಯನ್ನು ಇಯರ್‌ಫೋನ್ ಹಾಕಿಸಿ ಒಬ್ಬಳನ್ನೇ ಬಿಡಬೇಡಿ. ಕಿವಿಯೊಳಗೆ ಪಿಸುಗುಡುವ ದನಿಯಿಂದ ಮಕ್ಕಳಿಗೆ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಸ್ಪೀಕರಿನಲ್ಲಿ ಹಾಕಿ, ಜೊತೆಗೆ ಕೂತು, ಸಂಜೆ ಲೈಟ್ ಇರುವಾಗ ಕೇಳಿ. ನಿಲ್ಲಿಸುವ ಬಟನ್ ಅವಳ ಕೈಯಲ್ಲಿ ಇರಲಿ. ನಿಮ್ಮ ಕತೆಯ 14ನೇ ಕಂತು ಅವಳಿಗೆ ಈಗಲೇ ಬೇಡ.

ಅದು ನಿಮಗೆ. ಇವತ್ತು ರಾತ್ರಿ ಸ್ಪೀಡ್ 1ಕ್ಕೆ ತನ್ನಿ, ಸ್ಕಿಪ್ ಸೈಲೆನ್ಸ್ ತೆಗೆಯಿರಿ, ವಾಲ್ಯೂಮ್ ಮೆತ್ತಗಿರಲಿ, ಜೀರುಂಡೆ ಕೇಳಿಯೂ ಕೇಳದಷ್ಟು. ಅಜ್ಜಿ ನಡುಮನೆ ತನಕ ಬರುವುದು 17ನೇ ನಿಮಿಷಕ್ಕೆ. ಆದ ಮೇಲೆ ಗೆಳತಿಗೆ ಫೋನ್ ಮಾಡಿ.